ಸತ್ತವರು ಕೊಡದಿದ್ದರೆ ಬದುಕಿದವರೇ ಕೊಡಬೇಕು

2021ರ ಜೂನ್ 14, ಸೋಮವಾರ. ಅಂದು ಟಿವಿ ಮುಂದೆ ಕೂತಿದ್ದವರಿಗೆ ಆ ಗೊಂದಲ ನೆನಪಿರಬಹುದು. ಎರಡು ದಿನ ಹಿಂದೆ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ತಲೆಗೆ ತೀವ್ರ ಪೆಟ್ಟಾಗಿದ್ದ ನಟ ಸಂಚಾರಿ ವಿಜಯ್ ಇನ್ನಿಲ್ಲ ಎಂದು ಸಂತಾಪದ ಸಂದೇಶಗಳು ಹರಿದಾಡಿದವು. ಅದರ ಬೆನ್ನಿಗೇ, ಹಾಗೆಲ್ಲ ಹೇಳಬೇಡಿ, ಹೃದಯ ಇನ್ನೂ ಬಡಿಯುತ್ತಿದೆ ಎಂಬ ತಿದ್ದುಪಡಿಯೂ ಬಂತು. ಅದೇ ದಿನ ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ ಸುದ್ದಿ ಬಂತು. ಸಾವಿನ ಅಧಿಕೃತ ಘೋಷಣೆಯಾದದ್ದು ಮಾರನೆಯ ದಿನ ಬೆಳಗಿನ ಜಾವ. ರಾಷ್ಟ್ರಪ್ರಶಸ್ತಿ ಪಡೆದ, ಇನ್ನೂ ನಲವತ್ತು ತುಂಬದ ಕಲಾವಿದನೊಬ್ಬ ಯಾವ ದಿನ ತೀರಿಕೊಂಡ ಎಂಬುದನ್ನೇ ಇಡೀ ನಾಡು ಒಂದು ಹಗಲು ಒಂದು ರಾತ್ರಿ ಖಚಿತವಾಗಿ ಹೇಳಲಾಗದೆ ಕೂತಿತ್ತು.

ಸುದ್ದಿ ಕೊಟ್ಟವರ ಅವಸರ ಅದಕ್ಕೊಂದು ಕಾರಣ, ಒಪ್ಪೋಣ. ಆದರೆ ಅದಕ್ಕಿಂತ ಆಳದ ಕಾರಣವೊಂದಿದೆ. ಸಾವು ಎಂದರೆ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಕಾನೂನು, ನಮ್ಮ ಆಸ್ಪತ್ರೆಗಳು, ನಮ್ಮ ಮನೆಗಳು ಇವತ್ತಿಗೂ ಪೂರ್ತಿ ಬಗೆಹರಿಸಿಕೊಂಡಿಲ್ಲ. ಅಂಗಾಂಗ ಕಸಿಯ ನೈತಿಕತೆಯ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಕಿಡ್ನಿ ಜಾಲದ ದಲ್ಲಾಳಿಗಳಿಂದ ಶುರುಮಾಡುತ್ತೇವೆ. ನಾನು ಐಸಿಯುವಿನಿಂದ ಶುರುಮಾಡುತ್ತೇನೆ. ದಲ್ಲಾಳಿಗೆ ಗಿರಾಕಿ ಹುಟ್ಟುವುದು ಅಲ್ಲೇ.

ಮಿದುಳಿನ ಸಾವು ಎಂದರೇನು? ತಲೆಗೆ ಭಾರೀ ಪೆಟ್ಟು ಬಿದ್ದಾಗ ಅಥವಾ ಒಳಗೆ ರಕ್ತಸ್ರಾವವಾದಾಗ ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆ ಹಿಗ್ಗುವಂಥದ್ದಲ್ಲ. ಒಳಗಿನ ಒತ್ತಡ ಏರಿ ಏರಿ ಕೊನೆಗೆ ಮಿದುಳಿಗೆ ರಕ್ತ ಹರಿಯುವುದೇ ನಿಲ್ಲುತ್ತದೆ. ಮಿದುಳಿನ ಬುಡದಲ್ಲಿರುವ ಕಾಂಡ ಸತ್ತರೆ ಉಸಿರಾಡಬೇಕೆಂಬ ಆಜ್ಞೆ ಕೊಡುವವರು ಯಾರೂ ಇರುವುದಿಲ್ಲ. ವೆಂಟಿಲೇಟರ್ ಇಲ್ಲದ ಕಾಲದಲ್ಲಾದರೆ ಕೆಲವೇ ನಿಮಿಷಗಳಲ್ಲಿ ಹೃದಯವೂ ನಿಂತು ಎಲ್ಲ ಮುಗಿಯುತ್ತಿತ್ತು. ಹೃದಯಕ್ಕೆ ತನ್ನದೇ ಆದ ಬಡಿತವಿದೆ, ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ. ಆಮ್ಲಜನಕ ಸಿಗುವವರೆಗೆ ಬಡಿಯುತ್ತಲೇ ಇರುತ್ತದೆ. ಯಂತ್ರ ಶ್ವಾಸಕೋಶಕ್ಕೆ ಗಾಳಿ ತುಂಬುತ್ತಿದ್ದರೆ ಎದೆ ಏರಿಳಿಯುತ್ತದೆ, ಕೈ ಮುಟ್ಟಿದರೆ ಬೆಚ್ಚಗಿರುತ್ತದೆ, ಮೂತ್ರದ ಚೀಲ ತುಂಬುತ್ತಿರುತ್ತದೆ. ಮಲಗಿದ ಮಗನಂತೆಯೇ ಕಾಣುತ್ತಾನೆ. ಇವನು ಸತ್ತಿದ್ದಾನೆ ಎಂದು ಬಿಳಿ ಕೋಟಿನವರೊಬ್ಬರು ಹೇಳಿದರೆ ಹೆತ್ತ ತಾಯಿ ನಂಬುವುದಾದರೂ ಹೇಗೆ?

ಕೋಮಾ ಬೇರೆ, ಇದು ಬೇರೆ. ಕೋಮಾದಲ್ಲಿರುವವರ ಮಿದುಳಿಗೆ ರಕ್ತ ಹರಿಯುತ್ತಿರುತ್ತದೆ, ಕೆಲವರು ತಾವೇ ಉಸಿರಾಡುತ್ತಾರೆ, ಕೆಲವರು ಎದ್ದು ಕೂತದ್ದೂ ಇದೆ. ಸರಿಯಾದ ಪರೀಕ್ಷೆಗಳಿಂದ ಮಿದುಳುಕಾಂಡದ ಸಾವು ಖಚಿತವಾದ ಮೇಲೆ ವಾಪಸು ಬರುವ ದಾರಿಯಿಲ್ಲ. ಭಾರತದಲ್ಲಿ ಈ ಪರೀಕ್ಷೆಗಳನ್ನು 1994ರ ಮಾನವ ಅಂಗಾಂಗ ಕಸಿ ಕಾಯ್ದೆ ನಿಗದಿಪಡಿಸಿದೆ. ಒಬ್ಬರ ಮಾತು ಸಾಲದು, ನಾಲ್ವರು ವೈದ್ಯರು ಬೇಕು: ಆಸ್ಪತ್ರೆಯ ಮುಖ್ಯಸ್ಥರು, ಮಾನ್ಯತೆ ಪಡೆದ ಪಟ್ಟಿಯಿಂದ ಬಂದ ಒಬ್ಬ ತಜ್ಞರು, ನರರೋಗ ತಜ್ಞರು ಅಥವಾ ನರ ಶಸ್ತ್ರಚಿಕಿತ್ಸಕರು, ಮತ್ತು ರೋಗಿಗೆ ಚಿಕಿತ್ಸೆ ಕೊಡುತ್ತಿದ್ದವರು. ಇವರಲ್ಲಿ ಯಾರೂ ಕಸಿ ಮಾಡುವ ತಂಡದವರಾಗಿರಬಾರದು. ಕಣ್ಣಿನ ಪಾಪೆಗೆ ಬೆಳಕು ಬಿಟ್ಟು ನೋಡುತ್ತಾರೆ, ಕಣ್ಣುಗುಡ್ಡೆಯ ಪದರವನ್ನು ಮುಟ್ಟಿ ನೋಡುತ್ತಾರೆ, ಕಿವಿಗೆ ತಣ್ಣೀರು ಬಿಡುತ್ತಾರೆ, ಗಂಟಲಿನ ಆಳಕ್ಕೆ ನಳಿಕೆ ತಾಗಿಸಿ ಕೆಮ್ಮು ಬರುತ್ತದೆಯೇ ಎಂದು ನೋಡುತ್ತಾರೆ. ಕಡೆಗೆ ವೆಂಟಿಲೇಟರ್ ಉಸಿರು ನಿಲ್ಲಿಸಿ, ಆಮ್ಲಜನಕ ಮಾತ್ರ ಬಿಟ್ಟು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದನ್ನು ಕಾಯುತ್ತಾರೆ. ಬದುಕಿರುವ ಮಿದುಳುಕಾಂಡ ಆ ಮಟ್ಟದಲ್ಲಿ ಉಸಿರೆಳೆಯದೆ ಇರಲಾರದು. ಎದೆ ಅಲುಗದಿದ್ದರೆ ಉತ್ತರ ಸಿಕ್ಕಂತೆ. ಇಷ್ಟನ್ನೂ ಕನಿಷ್ಠ ಆರು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬೇಕು.

ಜಗತ್ತು ಈ ವ್ಯಾಖ್ಯೆಗೆ ಬಂದ ಬಗೆಯನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಮೊದಲ ಬಾರಿಗೆ ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದರು. 1968ರ ಫೆಬ್ರುವರಿಯಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಪಿ. ಕೆ. ಸೇನ್ ಅದನ್ನೇ ಪ್ರಯತ್ನಿಸಿದರು, ರೋಗಿ ಕೆಲವೇ ಗಂಟೆ ಬದುಕಿದ. ಅದೇ ವರ್ಷ ಆಗಸ್ಟ್‌ನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮಿದುಳಿನ ಸಾವನ್ನೇ ಸಾವೆಂದು ಒಪ್ಪಬೇಕು ಎಂದು ವರದಿ ಕೊಟ್ಟಿತು. ಅದಕ್ಕೆ ಕೊಟ್ಟ ಕಾರಣ ಎರಡು. ಒಂದು, ಮರಳಿ ಬಾರದ ರೋಗಿಗಳಿಂದ ಮನೆಯವರ ಮೇಲೆ, ಆಸ್ಪತ್ರೆಯ ಮೇಲೆ ಬೀಳುವ ಹೊರೆ. ಇನ್ನೊಂದು, ಸಾವಿನ ಹಳೆಯ ವ್ಯಾಖ್ಯೆ ಕಸಿಗಾಗಿ ಅಂಗ ಪಡೆಯುವಾಗ ವಿವಾದ ಹುಟ್ಟಿಸುತ್ತದೆ ಎಂಬುದು. ಸಾವಿನ ಹೊಸ ವ್ಯಾಖ್ಯೆಗೆ ಹಿಂದಿನಿಂದ ಅಂಗದ ಅಗತ್ಯದ ತಳ್ಳು ಇತ್ತು ಎಂದು ಟೀಕಾಕಾರರು ಹೇಳುತ್ತ ಬಂದಿದ್ದಾರೆ. ಅದು ಸುಳ್ಳಲ್ಲ. ಆದರೆ ಮೊದಲ ಕಾರಣವೊಂದೇ ಇದ್ದಿದ್ದರೂ ಆ ವ್ಯಾಖ್ಯೆ ಬೇಕಾಗುತ್ತಿತ್ತು. ವೆಂಟಿಲೇಟರ್ ಹುಟ್ಟಿದ ದಿನವೇ ಹಳೆಯ ವ್ಯಾಖ್ಯೆ ಮುರಿದಿತ್ತು.

ನಮ್ಮಲ್ಲಿ ಕಾನೂನು ಬಂದದ್ದು 1994ರ ಜುಲೈನಲ್ಲಿ. ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ತಂಡ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿತು. ಈಗ ಆ ದಿನವೇ ಭಾರತೀಯ ಅಂಗಾಂಗ ದಾನ ದಿನ.

ಇಲ್ಲೇ ಒಂದು ಎಡವಟ್ಟು ಉಳಿದುಹೋಯಿತು. ಜನನ ಮರಣ ನೋಂದಣಿಯ 1969ರ ಕಾಯ್ದೆಯಲ್ಲಿ ಸಾವು ಎಂದರೆ ಜೀವದ ಎಲ್ಲ ಲಕ್ಷಣಗಳೂ ಶಾಶ್ವತವಾಗಿ ಇಲ್ಲವಾಗುವುದು. ಮಿದುಳುಕಾಂಡದ ಸಾವು ಬರುವುದು ಅಂಗಾಂಗ ಕಸಿಯ ಕಾಯ್ದೆಯಲ್ಲಿ. ಒಂದೇ ದೇಶದಲ್ಲಿ ಸಾವಿಗೆ ಎರಡು ವ್ಯಾಖ್ಯೆ. ದಾನಕ್ಕೆ ಒಪ್ಪಿದ ಮನೆಯ ರೋಗಿ ಎರಡನೆಯ ಪರೀಕ್ಷೆ ಮುಗಿದ ಗಳಿಗೆಯಲ್ಲಿ ಸತ್ತ. ಪಕ್ಕದ ಹಾಸಿಗೆಯಲ್ಲಿ ಅದೇ ಸ್ಥಿತಿಯಲ್ಲಿರುವ, ಮನೆಯವರು ದಾನ ಬೇಡವೆಂದ ರೋಗಿ ಸತ್ತನೋ ಇಲ್ಲವೋ? ಬಹುಪಾಲು ವೈದ್ಯರು ಅಲ್ಲಿ ಕೈ ತೊಳೆದುಕೊಳ್ಳುತ್ತಾರೆ. ವೆಂಟಿಲೇಟರ್ ತೆಗೆದರೆ ನಾಳೆ ಕೇಸು ಬೀಳಬಹುದೆಂಬ ಅಂಜಿಕೆ. ಹೃದಯ ತಾನಾಗಿ ನಿಲ್ಲುವವರೆಗೆ ಕಾಯುತ್ತಾರೆ, ಅಥವಾ ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ.

ಇದನ್ನು ಹೊರಗಡೆ ಬೆಂಚಿನ ಮೇಲೆ ಕೂತ ಮನೆಯವರ ಕಣ್ಣಿಂದ ನೋಡಿ. ಇಷ್ಟು ದಿನ ಪ್ರಯತ್ನ ಮಾಡುತ್ತಿದ್ದೇವೆ ಎನ್ನುತ್ತಿದ್ದ ಆಸ್ಪತ್ರೆ ಇದ್ದಕ್ಕಿದ್ದಂತೆ ಸಾವಿನ ಮಾತೆತ್ತುತ್ತದೆ. ಅದೇ ಉಸಿರಿನಲ್ಲಿ ಅಂಗಾಂಗದ ಮಾತೂ ಬರುತ್ತದೆ. ಅನುಮಾನ ಬಾರದಿದ್ದರೆ ಅಚ್ಚರಿ. ನಮ್ಮ ಜನರಲ್ಲಿ ಎರಡು ಗುಮಾನಿಗಳು ಒಟ್ಟಿಗೇ ಓಡಾಡುತ್ತವೆ: ಬಿಲ್ ಏರಿಸಲು ಸತ್ತವನನ್ನು ವೆಂಟಿಲೇಟರ್ ಮೇಲೆ ಇಟ್ಟುಕೊಳ್ಳುತ್ತಾರೆ, ಕಿಡ್ನಿಗೋಸ್ಕರ ಬದುಕಿದ್ದವನನ್ನು ಸತ್ತನೆನ್ನುತ್ತಾರೆ. ಒಂದಕ್ಕೊಂದು ತಾಳೆಯಾಗದ ಮಾತುಗಳು, ಆದರೂ ಎರಡೂ ಹುಟ್ಟುವುದು ಅದೇ ಬಿರುಕಿನಿಂದ. ಸಾವಿನ ಘೋಷಣೆ ದಾನಕ್ಕೆ ಜೋತುಬಿದ್ದಿರುವವರೆಗೆ ಯಾವ ಜಾಗೃತಿ ಜಾಥಾವೂ ಈ ಗುಮಾನಿಯನ್ನು ತೊಳೆಯಲಾರದು.

ಕೇರಳ 2020ರ ಜನವರಿಯಲ್ಲಿ ಈ ಗಂಟನ್ನು ಬಿಡಿಸಲು ಹೊರಟಿತು. ದಾನ ಇರಲಿ ಬಿಡಲಿ, ಮಿದುಳುಕಾಂಡ ಸತ್ತಿದೆಯೇ ಎಂದು ಪರೀಕ್ಷಿಸಿ ದೃಢೀಕರಿಸಬೇಕು, ದೃಢವಾದ ಮೇಲೆ ಯಂತ್ರದ ಆಸರೆ ತೆಗೆಯಬಹುದು ಎಂದು ಅಲ್ಲಿನ ಸರ್ಕಾರ ಮಾರ್ಗಸೂಚಿ ತಂದಿತು. ಮೊದಲು ಸಾವು, ಆಮೇಲೆ ದಾನದ ಮಾತು. ಸಹಜವಾದ ಕ್ರಮ ಅದು, ಯಾವತ್ತೂ ಹಾಗೆಯೇ ಇರಬೇಕಿತ್ತು.

ಈ ನಡುವೆ ಕನ್ನಡಿಗರ ಮನಸ್ಸಿನಲ್ಲಿ ಬೆರೆತುಹೋಗಿರುವ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. 2006ರಲ್ಲಿ ರಾಜ್‌ಕುಮಾರ್, 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. ಪುನೀತರ ಎರಡು ಕಣ್ಣುಗಳ ಪಾರದರ್ಶಕ ಪಟಲವನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ನಾರಾಯಣ ನೇತ್ರಾಲಯದಲ್ಲಿ ಹಾಕಿದರು. ಅದನ್ನು ನೋಡಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಒಳ್ಳೆಯದೇ ಆಯಿತು. ಆದರೆ ಕಣ್ಣು ಅಂಗಾಂಶ. ಹೃದಯ ನಿಂತು ಆರು ಗಂಟೆಯೊಳಗೆ, ಮನೆಯಲ್ಲಿ ಸತ್ತರೂ ತೆಗೆಯಬಹುದು. ಹೃದಯ, ಲಿವರ್, ಕಿಡ್ನಿಗಳ ಕಥೆ ಬೇರೆ. ರಕ್ತ ಹರಿಯುವುದು ನಿಂತ ಕೆಲವೇ ನಿಮಿಷಗಳಲ್ಲಿ ಅವು ಕೆಡಲು ಶುರುವಾಗುತ್ತವೆ. ಅದಕ್ಕೇ ನಮ್ಮಲ್ಲಿ ಅವುಗಳ ದಾನಿ ಹೆಚ್ಚುಕಡಿಮೆ ಯಾವಾಗಲೂ ಐಸಿಯುವಿನಲ್ಲಿ, ವೆಂಟಿಲೇಟರ್ ಮೇಲೆ, ಮಿದುಳು ಸತ್ತ ಸ್ಥಿತಿಯಲ್ಲಿರುವವರು. ನೂರು ಸಾವುಗಳಲ್ಲಿ ಅಂಥವು ಬೆರಳೆಣಿಕೆ. ಕಾರ್ಡಿಗೆ ಸಹಿ ಹಾಕಿದವರ ಸಂಖ್ಯೆ ಲಕ್ಷ ದಾಟಿದರೂ ಐಸಿಯುವಿನಲ್ಲಿ ಸಾವನ್ನು ಸಾವೆಂದು ಹೇಳುವ ರೂಢಿ ಇಲ್ಲದಿದ್ದರೆ ಆ ಸಹಿಗಳಿಂದ ಕಿಡ್ನಿ ಬರುವುದಿಲ್ಲ.

ಬಾರದಿದ್ದರೆ ಏನಾಗುತ್ತದೆ? ಲೆಕ್ಕ ನೋಡಿ. 2023ರಲ್ಲಿ ಭಾರತದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಅಂಗ ಕಸಿಗಳಾದವು. ಜಗತ್ತಿನಲ್ಲಿ ನಮಗಿಂತ ಹೆಚ್ಚು ಮಾಡುವ ದೇಶಗಳು ಒಂದೆರಡು ಮಾತ್ರ. ಈ ಹೆಮ್ಮೆಯ ಸಂಖ್ಯೆಯ ಕೆಳಗೆ ಇನ್ನೊಂದಿದೆ. ಆ ವರ್ಷ ಮರಣಾನಂತರ ಅಂಗ ಕೊಟ್ಟವರು 1,099 ಮಂದಿ. ಬದುಕಿದ್ದಾಗಲೇ ಮೈ ಕೊಯ್ಸಿಕೊಂಡು ಕೊಟ್ಟವರು ಹದಿನೈದು ಸಾವಿರಕ್ಕೂ ಹೆಚ್ಚು. ಹತ್ತು ಲಕ್ಷ ಜನರಿಗೆ ಮರಣೋತ್ತರ ದಾನಿ ಒಬ್ಬರೂ ಇಲ್ಲ. ಕರ್ನಾಟಕದ್ದು ಇದ್ದುದರಲ್ಲಿ ಮೇಲು: ಅದೇ ವರ್ಷ ಇಲ್ಲಿ 178 ದಾನಿಗಳು. ಆದರೂ ಹತ್ತು ಲಕ್ಷಕ್ಕೆ ಮೂವರು ಮುಟ್ಟುವುದಿಲ್ಲ.

ಬದುಕಿದ್ದು ಕೊಟ್ಟವರು ಯಾರು? ಹೆಂಗಸರು 9,784, ಗಂಡಸರು 5,651. ಮರಣಾನಂತರದ ದಾನಿಗಳಲ್ಲಿ ಲೆಕ್ಕ ತಿರುಗಿ ಬೀಳುತ್ತದೆ: ಗಂಡಸರು 844, ಹೆಂಗಸರು 255. ರಸ್ತೆಯಲ್ಲಿ ತಲೆ ಒಡೆದುಕೊಳ್ಳುವವರು ಹೆಚ್ಚಾಗಿ ಗಂಡಸರಲ್ಲವೇ. ಇನ್ನು ಪಡೆದವರು ಯಾರೆಂದು ಕೇಳಿದರೆ, 1995ರಿಂದ 2021ರವರೆಗೆ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ 36,640 ಕಸಿಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆದವು. ಹೆಂಗಸರ ಪಾಲು ಏಳು ಸಾವಿರ ಮುಟ್ಟಲಿಲ್ಲ. ಕಿಡ್ನಿ ಕೆಡಿಸುವ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಗಂಡಸರನ್ನಷ್ಟೇ ಹುಡುಕಿಕೊಂಡು ಬರುವಂಥದ್ದಲ್ಲ. ಹಾಗಾದರೆ ಈ ಅಂತರ ಬಂದದ್ದು ಮನೆಯಿಂದ.

ಯಾರು ಕೊಡಬೇಕೆಂಬ ಮಾತುಕತೆ ಮನೆಯಲ್ಲಿ ಹೇಗೆ ನಡೆಯುತ್ತದೆಂದು ನಮಗೆಲ್ಲ ಗೊತ್ತು. ಗಂಡನಿಗೆ ಡಯಾಲಿಸಿಸ್ ಶುರುವಾಗಿರುತ್ತದೆ. ತಮ್ಮನಿಗೆ ಇನ್ನೂ ಮದುವೆಯಾಗಿಲ್ಲ, ನಾಳೆ ಹೆಣ್ಣು ಕೊಡುವವರು ಒಪ್ಪುವುದಿಲ್ಲ, ಅಣ್ಣ ದುಡಿಯುವವನು. ಅತ್ತೆಗೆ ವಯಸ್ಸಾಯಿತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರ ಕಣ್ಣೂ ಸೊಸೆಯ ಕಡೆ ತಿರುಗುತ್ತದೆ. ಅವಳೇ ನಾನು ಕೊಡುತ್ತೇನೆ ಎನ್ನುತ್ತಾಳೆ. ಪ್ರೀತಿಯಿಂದಲೇ ಅನ್ನುತ್ತಾಳೆ, ಅದನ್ನು ಹಗುರ ಮಾಡುವ ಹಕ್ಕು ನನಗಿಲ್ಲ. ಆದರೆ ಬೇಡ ಎನ್ನುವ ದಾರಿಯೇ ಇಲ್ಲದ ಕಡೆ ಒಪ್ಪಿಗೆಗೆ ಏನು ಬೆಲೆ? ಅದೇ ಹೆಂಗಸಿಗೆ ಕಿಡ್ನಿ ಹೋದರೆ ಇದೇ ಮನೆ ಡಯಾಲಿಸಿಸ್‌ನಲ್ಲೇ ದಿನ ತಳ್ಳುತ್ತದೆ, ಹೆಚ್ಚೆಂದರೆ ಅವಳ ತಾಯಿ ಮುಂದೆ ಬರುತ್ತಾಳೆ. ಕೊಟ್ಟವಳೂ ಹೆಂಗಸೇ ಆಯಿತು.

ಇದಕ್ಕೆ ವೈದ್ಯರ ಬಳಿ ಒಂದು ಸಣ್ಣ ಉಪಾಯವುಂಟು. ದಾನಿಯನ್ನು ಮನೆಯವರಿಂದ ದೂರ, ಒಬ್ಬಳನ್ನೇ ಕೂರಿಸಿ ಮಾತನಾಡಿಸುವುದು. ಮನಸ್ಸಿಲ್ಲ ಎಂಬ ಸುಳಿವು ಸಿಕ್ಕರೆ, ವೈದ್ಯಕೀಯವಾಗಿ ಇವರು ದಾನಕ್ಕೆ ಹೊಂದುವುದಿಲ್ಲ ಎಂದಷ್ಟೇ ಮನೆಯವರಿಗೆ ತಿಳಿಸಿ, ಕಾರಣವನ್ನು ಗುಟ್ಟಾಗಿಡುವುದು. ಹಲವು ದೇಶಗಳ ಕಸಿ ತಂಡಗಳಲ್ಲಿ ಇದು ಬಳಕೆಯಲ್ಲಿದೆ. ಸುಳ್ಳು ಹೇಳಿದಂತಾಗಲಿಲ್ಲವೇ ಎಂದು ಶುದ್ಧ ನೀತಿಯವರು ಕೇಳಬಹುದು. ಆಗಲಿ ಬಿಡಿ. ಸಂಸಾರ ಮುರಿಯದಂತೆ ಒಬ್ಬಳ ಮೈಯನ್ನು ಅವಳಿಗೇ ಉಳಿಸಿಕೊಡುವ ಸುಳ್ಳಿಗೆ ನಾನು ತಲೆಬಾಗುತ್ತೇನೆ. ಬೆಳಗಿನಿಂದ ಸಾಲು ನಿಂತ ರೋಗಿಗಳ ನಡುವೆ ಹೀಗೆ ಒಬ್ಬಳಿಗಾಗಿ ಅರ್ಧ ಗಂಟೆ ತೆಗೆದಿಡುವ ಆಸ್ಪತ್ರೆಗಳು ನಮ್ಮಲ್ಲಿ ಎಷ್ಟಿವೆ ಎಂಬುದು ಬೇರೆ ಮಾತು.

ಬದುಕಿರುವವರು ಕಿಡ್ನಿ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆ ಶಸ್ತ್ರಚಿಕಿತ್ಸೆ ಸಾಕಷ್ಟು ಸುರಕ್ಷಿತ. ದಾನಿಗಳಲ್ಲಿ ಸಾವು ಸುಮಾರು ಹತ್ತು ಸಾವಿರಕ್ಕೆ ಮೂರು ಎಂದು ದೊಡ್ಡ ಅಧ್ಯಯನಗಳು ಹೇಳುತ್ತವೆ. ಉಳಿದೊಂದು ಕಿಡ್ನಿ ಹೆಚ್ಚಿನ ಕೆಲಸ ಹೊತ್ತುಕೊಳ್ಳುತ್ತದೆ. ಲಿವರಿನ ಭಾಗ ಕೊಡುವುದು ಇದಕ್ಕಿಂತ ಅಪಾಯದ್ದು. ಎರಡರಲ್ಲೂ ದಾನಿಗೆ ಜೀವಮಾನವಿಡೀ ತಪಾಸಣೆ ಬೇಕು, ಕಸಿ ಮಾಡಿಸಿಕೊಂಡವರಿಗೆ ನೆನಪಿಸಿದಂತೆ ದಾನಿಗೆ ಅದನ್ನು ನೆನಪಿಸುವವರು ಕಡಿಮೆ.

ಮನೆಯಲ್ಲಿ ಯಾರೂ ಸಿಗದಿದ್ದಾಗ ಕಣ್ಣು ಹೋಗುವುದು ಬಡವರ ಕಡೆಗೆ. 1994ಕ್ಕೆ ಮೊದಲು ಬೆಂಗಳೂರು, ಚೆನ್ನೈ, ಮುಂಬೈಗಳಲ್ಲಿ ಕಿಡ್ನಿ ವ್ಯಾಪಾರ ಎಷ್ಟು ರಾಜಾರೋಷವಾಗಿತ್ತೆಂದರೆ ವಿದೇಶಗಳಿಂದ ಬಂದು ಮಾಡಿಸಿಕೊಂಡು ಹೋಗುತ್ತಿದ್ದರು. ಚೆನ್ನೈನ ವಿಲ್ಲಿವಾಕ್ಕಂಗೆ ಕಿಡ್ನಿವಾಕ್ಕಂ ಎಂಬ ಅಡ್ಡಹೆಸರೇ ಬಿದ್ದಿತ್ತು. ಮಾರಾಟವನ್ನು ಕಾನೂನುಬದ್ಧ ಮಾಡಿಬಿಡಿ, ಬಡವನಿಗೆ ನಾಲ್ಕು ಕಾಸಾದರೂ ಸಿಗುತ್ತದೆ, ರೋಗಿಗೂ ಜೀವ ಉಳಿಯುತ್ತದೆ ಎಂದು ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ. ಇರಾನ್ ಹಣ ಕೊಟ್ಟು ಕಿಡ್ನಿ ಪಡೆಯುವುದಕ್ಕೆ ಸರ್ಕಾರದ ಉಸ್ತುವಾರಿಯಲ್ಲೇ ಅವಕಾಶ ಕೊಟ್ಟಿದೆ. ಕಾಗದದ ಮೇಲೆ ವಾದ ಚೆನ್ನಾಗಿದೆ. ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಮಂದಿಯನ್ನು ಹುಡುಕಿ ಮಾತನಾಡಿಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಶೇ. 96 ಮಂದಿ ಮಾರಿದ್ದು ಸಾಲ ತೀರಿಸಲು. ಸಿಕ್ಕಿದ್ದು ಸರಾಸರಿ ಸಾವಿರ ಡಾಲರಿನ ಆಸುಪಾಸು. ವರ್ಷಗಳ ನಂತರ ಕೇಳಿದಾಗ ನಾಲ್ವರಲ್ಲಿ ಮೂವರು ಇನ್ನೂ ಸಾಲದಲ್ಲೇ ಇದ್ದರು. ಮನೆಯ ಆದಾಯ ಮೂರರಲ್ಲೊಂದು ಪಾಲು ಕುಸಿದಿತ್ತು, ಶೇ. 86 ಮಂದಿ ಆರೋಗ್ಯ ಕೆಟ್ಟಿದೆ ಎಂದರು. ನೀವೂ ಮಾರಿ ಎಂದು ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದವರು ಶೇ. 79. ಮಾರಿದವರಲ್ಲಿ ಹೆಚ್ಚಿನವರು ಅಲ್ಲೂ ಹೆಂಗಸರೇ. ಮಾರುಕಟ್ಟೆಯ ವಾದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಕಾನೂನು ಬಂದ ಮೇಲೆ ವ್ಯಾಪಾರ ನಿಂತಿತೇ? ವೇಷ ಬದಲಿಸಿತು. ಹತ್ತಿರದ ಸಂಬಂಧಿಕರಲ್ಲದವರು ಮಮತೆ ಅಥವಾ ಒಡನಾಟದ ಕಾರಣಕ್ಕೆ ಅಂಗ ಕೊಡಬಹುದು ಎಂಬ ಅವಕಾಶ ಕಾಯ್ದೆಯಲ್ಲಿದೆ. ಅದಕ್ಕೊಂದು ಸಮಿತಿ ಒಪ್ಪಿಗೆ ಕೊಡಬೇಕು. ಸಮಿತಿಯ ಮುಂದೆ ಬಂದು ನಿಲ್ಲುವ ಕೂಲಿಯಾಳು ತಾನು ಉದ್ಯಮಿಯ ಬಾಲ್ಯಸ್ನೇಹಿತ ಎನ್ನುತ್ತಾನೆ, ಮನೆಗೆಲಸದಾಕೆ ತನ್ನನ್ನು ಸ್ವಂತ ತಂಗಿಯಂತೆ ನೋಡಿಕೊಂಡರು ಎನ್ನುತ್ತಾಳೆ. ಪಾಠ ಹೇಳಿಕೊಟ್ಟವನು ಹೊರಗೆ ಕಾಯುತ್ತಿರುತ್ತಾನೆ. ಶ್ರೀಮಂತನೊಬ್ಬ ತನ್ನ ಮನೆಗೆಲಸದವಳಿಗೆ ಮಮತೆಯಿಂದ ಕಿಡ್ನಿ ಕೊಟ್ಟ ಪ್ರಕರಣ ಮಾತ್ರ ನಾನು ಇನ್ನೂ ಕೇಳಿಲ್ಲ. 2011ರ ತಿದ್ದುಪಡಿ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಿತು. ಆದರೂ 2025ರಲ್ಲಿ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಪಳ್ಳಿಪಾಳಯಂನಲ್ಲಿ ಸಾಲಕ್ಕೆ ಸಿಕ್ಕ ವಿದ್ಯುತ್ ಮಗ್ಗದ ಕೆಲಸಗಾರರ ಕಿಡ್ನಿ ಮಾರಾಟದ ಸುದ್ದಿ ಹೊರಬಂತು. ಬೇಡಿಕೆ ಇರುವವರೆಗೆ ಸಾಲಗಾರರಿಗೆ ಬರವಿಲ್ಲ.

ಮರಣೋತ್ತರ ದಾನದಲ್ಲೂ ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ ಆಗುವ ಅಪಾಯವಿದೆ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದ ಹಳ್ಳಿ ಹುಡುಗನ ಹೃದಯ ಝೀರೊ ಟ್ರಾಫಿಕ್‌ನಲ್ಲಿ ನಗರದ ಆಸ್ಪತ್ರೆ ಸೇರುತ್ತದೆ. ದಾರಿಯುದ್ದಕ್ಕೂ ಪೊಲೀಸರು, ಕ್ಯಾಮೆರಾಗಳು. ಆ ಹುಡುಗನ ಅಪ್ಪನಿಗೇ ನಾಳೆ ಹೃದಯ ಬೇಕಾದರೆ ಸಿಗುತ್ತದೆಯೇ? ಹೃದಯ ಕಸಿಗೆ ಖಾಸಗಿಯಲ್ಲಿ ಹತ್ತಾರು ಲಕ್ಷ ಬೇಕು. ಕಸಿಯಾದ ಮೇಲೆ ಹೊಸ ಅಂಗವನ್ನು ಮೈ ತಿರಸ್ಕರಿಸದಂತೆ ತಡೆಯುವ ಮಾತ್ರೆಗಳನ್ನು ಬದುಕಿರುವವರೆಗೆ ನುಂಗಬೇಕು, ಅದಕ್ಕೆ ತಿಂಗಳಿಗೆ ಸಾವಿರಾರು ರೂಪಾಯಿ. ಬೆಂಗಳೂರಿನ ಸರ್ಕಾರಿ ನೆಫ್ರೊ ಯುರಾಲಜಿ ಸಂಸ್ಥೆಯಂಥವು ಕಿಡ್ನಿ ಕಸಿಯನ್ನು ಬಡವರ ಕೈಗೆ ತಂದಿವೆ, ಬಿಪಿಎಲ್ ಕುಟುಂಬಗಳಿಗೆ ರಾಜ್ಯದ ನೆರವೂ ಇದೆ. ಸಾಲದು. ಸಾರ್ವಜನಿಕರ ದಾನದಿಂದ ಬಂದ ಅಂಗ ಸಾರ್ವಜನಿಕ ಆಸ್ತಿ, ಅದನ್ನು ಹಾಕುವ ಸಾಮರ್ಥ್ಯ ಜಿಲ್ಲಾ ಕೇಂದ್ರಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಬರಬೇಕು.

ಹಾಗಾದರೆ ಎಲ್ಲರನ್ನೂ ದಾನಿಗಳೆಂದೇ ಭಾವಿಸಿ, ಬೇಡವೆಂದವರು ಮೊದಲೇ ಬರೆದುಕೊಡಲಿ ಎಂಬ ಕಾನೂನು ತಂದರಾಯಿತಲ್ಲ ಎಂದು ಆಗಾಗ ಸಲಹೆ ಬರುತ್ತದೆ. ಸ್ಪೇನ್‌ನಲ್ಲಿ 1979ರಿಂದ ಅಂಥ ಕಾನೂನಿದೆ, ಅದು ಜಗತ್ತಿಗೇ ಮುಂದಿದೆ ಎಂಬುದು ಅವರ ಆಧಾರ. ಆದರೆ ಕಾನೂನು ಬಂದು ಹತ್ತು ವರ್ಷವಾದರೂ ಅಲ್ಲಿ ಹತ್ತು ಲಕ್ಷಕ್ಕೆ ಸುಮಾರು 14 ದಾನಿಗಳಿದ್ದರು. 1989ರಲ್ಲಿ ರಾಫೆಲ್ ಮಾತೆಸಾನ್ಸ್ ಮುಂದಾಳತ್ವದಲ್ಲಿ ರಾಷ್ಟ್ರೀಯ ಸಂಸ್ಥೆ ಹುಟ್ಟಿ, ಆಸ್ಪತ್ರೆ ಆಸ್ಪತ್ರೆಗೂ ತರಬೇತಾದ ಸಂಯೋಜಕರನ್ನು, ಬಹುಪಾಲು ಐಸಿಯು ವೈದ್ಯರನ್ನೇ, ನೇಮಿಸಿದ ಮೇಲೆ ಅದು ನಲವತ್ತು ದಾಟಿತು. ಕಾನೂನು ಏನೇ ಹೇಳಲಿ, ಅಲ್ಲಿ ಇವತ್ತಿಗೂ ಮನೆಯವರನ್ನು ಕೇಳದೆ ಅಂಗ ತೆಗೆಯುವುದಿಲ್ಲ. ಆಸ್ಪತ್ರೆಯ ಮೇಲೆ ನಂಬಿಕೆಯೇ ತೆಳುವಾಗಿರುವ ನಮ್ಮಲ್ಲಿ ಕೇಳದೆ ತೆಗೆಯುತ್ತೇವೆ ಎಂಬ ಕಾನೂನು ತಂದರೆ, ತಲೆಗೆ ಪೆಟ್ಟಾದವರನ್ನು ದೊಡ್ಡಾಸ್ಪತ್ರೆಗೆ ಸೇರಿಸಲೂ ಜನ ಹೆದರಿಯಾರು.

ನಮಗೆ ಬೇಕಾದದ್ದು ಸ್ಪೇನ್‌ನ ಸಂಯೋಜಕರು. ಕಾಯ್ದೆಯ ತಿದ್ದುಪಡಿಯಲ್ಲೇ ಆ ಹುದ್ದೆಯಿದೆ, ಐಸಿಯುವಿನಲ್ಲಿ ಮನೆಯವರಿಗೆ ದಾನದ ವಿಚಾರ ತಿಳಿಸುವುದು ವೈದ್ಯರ ಕರ್ತವ್ಯ ಎಂದೂ ಇದೆ. 2021ರ ನವೆಂಬರ್‌ನಿಂದ ಸೂರ್ಯಾಸ್ತದ ನಂತರವೂ ಶವಪರೀಕ್ಷೆಗೆ ಕೇಂದ್ರ ಅವಕಾಶ ಕೊಟ್ಟಿರುವುದರಿಂದ ಅಪಘಾತದ ಪ್ರಕರಣಗಳಲ್ಲಿ ದೇಹ ರಾತ್ರಿಯಿಡೀ ಕಾಯಬೇಕಿಲ್ಲ. ಮಿದುಳಿನ ಸಾವು ದೃಢಪಟ್ಟು ಮನೆಯವರು ಒಪ್ಪಿದ ಮೇಲೆ ದೇಹವನ್ನು ಕಾಪಾಡಿ ಅಂಗ ತೆಗೆಯುವ ಖರ್ಚನ್ನು ದಾನಿಯ ಮನೆಯವರ ಮೇಲೆ ಹಾಕುವಂತಿಲ್ಲ, ಇದು ನಿಯಮ. ಓದುಗರು ನೆನಪಿಟ್ಟುಕೊಳ್ಳಿ, ಯಾರಾದರೂ ಆ ಬಿಲ್ ಕೊಟ್ಟರೆ ಪ್ರಶ್ನಿಸಿ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ, ಕಾಯುವ ಪಟ್ಟಿಯಲ್ಲಿರುವ ಹೆಂಗಸರಿಗೂ ಹಿಂದೆ ದಾನ ಮಾಡಿದವರ ಹತ್ತಿರದ ಬಂಧುಗಳಿಗೂ ಆದ್ಯತೆ ಕೊಡುವಂತೆ ರಾಜ್ಯಗಳಿಗೆ ಸೂಚಿಸಿತು. ತಡವಾದರೂ ಸರಿಯಾದ ಹೆಜ್ಜೆ. ಇವೆಲ್ಲ ಕೂಡಿಬರಬೇಕಾದರೆ ಬುಡದ ಕೆಲಸ ಆಗಬೇಕು: ದಾನದ ಮಾತಿಗೂ ಮೊದಲು, ದಾನಕ್ಕೆ ಸಂಬಂಧವೇ ಇಲ್ಲದಂತೆ, ಮಿದುಳು ಸತ್ತಿರಬಹುದಾದ ಪ್ರತಿಯೊಬ್ಬ ರೋಗಿಯನ್ನೂ ಪರೀಕ್ಷಿಸಿ, ಸತ್ತಿದ್ದರೆ ಸತ್ತಿದ್ದಾರೆಂದು ಮನೆಯವರಿಗೆ ಹೇಳುವುದು. ಗೌರವದಿಂದ ಸಾಯುವ ಹಕ್ಕಿನ ಬಗ್ಗೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದ ರಾಜ್ಯ ಕರ್ನಾಟಕ. ಕೇರಳ ತೋರಿದ ಕ್ರಮವನ್ನು ಇಲ್ಲಿನ ಪ್ರತಿ ಐಸಿಯುವಿನ ದಿನನಿತ್ಯದ ರೂಢಿಯಾಗಿಸುವುದು ಅದರ ಕೈಯಲ್ಲೇ ಇದೆ.

ಸರ್ಕಾರ ಮಾಡುವುದನ್ನು ಮಾಡಲಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಸಿ ಬೇಕೆಂದು ವೈದ್ಯರು ಹೇಳಿದ ದಿನವೇ ಆಸ್ಪತ್ರೆಯ ಮೂಲಕ ರೋಗಿಯ ಹೆಸರನ್ನು ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆಯಾದ ಜೀವಸಾರ್ಥಕತೆಯ ಕಾಯುವ ಪಟ್ಟಿಗೆ ಸೇರಿಸಿ. ಹೆಂಡತಿಯ ರಕ್ತವನ್ನು ಪರೀಕ್ಷೆಗೆ ಕಳಿಸುವುದೇ ಆದರೆ, ಅಣ್ಣತಮ್ಮಂದಿರ ರಕ್ತವನ್ನೂ ಅದೇ ದಿನ ಕಳಿಸಿ.